20 ಪ್ರಶ್ನೆ, 10 ಲಕ್ಷ ಉತ್ತರ

2015ರ ಮಾರ್ಚ್ 27ರಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 118 ಪುಟಗಳ ಸಮಾಲೋಚನಾ ಪತ್ರ ಹೊರಡಿಸಿತು. ಇಂಟರ್ನೆಟ್ ಕರೆ, ಮೆಸೇಜ್ ಸೇವೆಗಳಿಗೆ ಲೈಸೆನ್ಸ್ ಬೇಕೆ? ಒಂದೊಂದು ಆ್ಯಪ್‌ಗೆ ಒಂದೊಂದು ದರ ಹಾಕಲು ಟೆಲಿಕಾಂ ಕಂಪನಿಗಳಿಗೆ ಬಿಡಬಹುದೆ? ಇಂಥ 20 ಪ್ರಶ್ನೆಗಳು. ಅಭಿಪ್ರಾಯ ಹೇಳಲು ಜನರಿಗಿದ್ದ ಗಡುವು ಏಪ್ರಿಲ್ 24.

ಅಷ್ಟು ಪುಟಗಳನ್ನು ಪುರುಸೊತ್ತು ಮಾಡಿಕೊಂಡು ಓದುವವರು ಯಾರು? ಓದುವವರು ಸಿಕ್ಕರು. ಬೆಂಗಳೂರು, ದೆಹಲಿ ಮತ್ತಿತರ ಊರುಗಳ ಪ್ರೋಗ್ರಾಮರ್‌ಗಳು, ವಕೀಲರು, ಪತ್ರಕರ್ತರು ಆನ್‌ಲೈನಿನಲ್ಲೇ ಕೂಡಿದರು. ಬಾ ಎಂದು ಯಾರೂ ಕರೆದಿರಲಿಲ್ಲ, ಸಂಬಳವೂ ಇರಲಿಲ್ಲ. ಕೆಲವರು ಕಡತವನ್ನು ಕೆಲವೇ ಪುಟಗಳಿಗೆ ಇಳಿಸಿದರು. ಕೆಲವರು ಪ್ರಶ್ನೆಗಳಿಗೆ ಉತ್ತರ ಬರೆದರು, ಉಳಿದವರು ತಿದ್ದಿದರು. ‘ಸೇವ್ ದಿ ಇಂಟರ್ನೆಟ್’ ಎಂಬ ತಾಣ ಎದ್ದು ನಿಂತಿತು. ಅಲ್ಲಿದ್ದ ಉತ್ತರಗಳನ್ನು ಓದಿ, ಬೇಕಾದಂತೆ ಬದಲಾಯಿಸಿ, ಯಾರು ಬೇಕಾದರೂ ಟ್ರಾಯ್‌ಗೆ ಕಳಿಸಬಹುದಿತ್ತು. ಎಐಬಿ ಹಾಸ್ಯ ತಂಡದ ವಿಡಿಯೊ ವಿಷಯವನ್ನು ಮನೆಮನೆಗೆ ಮುಟ್ಟಿಸಿತು. ಹೋದ ಇಮೇಲ್‌ಗಳು 10 ಲಕ್ಷಕ್ಕೂ ಹೆಚ್ಚು. ಏರ್‌ಟೆಲ್ ಝೀರೊ (ಆ್ಯಪ್ ಕಂಪನಿಯೇ ಹಣ ಕೊಟ್ಟು ಬಳಕೆದಾರರಿಗೆ ಡೇಟಾ ಉಚಿತವಾಗಿಸುವ) ಯೋಜನೆಗೆ ಸೇರಲು ಮಾತುಕತೆ ನಡೆಸಿದ್ದ ಫ್ಲಿಪ್‌ಕಾರ್ಟ್ ಏಪ್ರಿಲ್‌ನಲ್ಲೇ ಹಿಂದೆ ಸರಿಯಿತು.

ಡಿಸೆಂಬರ್‌ನಲ್ಲಿ ದರ ತಾರತಮ್ಯದ ಬಗ್ಗೆ ಟ್ರಾಯ್ ಮತ್ತೆ ಅಭಿಪ್ರಾಯ ಕೇಳಿದಾಗ ಫೇಸ್‌ಬುಕ್ ಕೂಡ ಆಯ್ದ ತಾಣಗಳನ್ನಷ್ಟೇ ಉಚಿತವಾಗಿ ಕೊಡುವ ತನ್ನ ‘ಫ್ರೀ ಬೇಸಿಕ್ಸ್’ ಯೋಜನೆಯ ಪರವಾಗಿ ಬಳಕೆದಾರರು ಲಕ್ಷಗಟ್ಟಲೆ ಸಂದೇಶ ಕಳಿಸುವಂತೆ ಮಾಡಿತು. ಆದರೆ ಅವು ಕೇಳಿದ ಪ್ರಶ್ನೆಗಳಿಗೆ ಉತ್ತರವಾಗಿಲ್ಲ ಎಂದು ಟ್ರಾಯ್ ಹೇಳಿತು. ತಲೆ ಎಣಿಕೆಯಿಂದ ಮಾತ್ರ ಕೆಲಸವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. 2016ರ ಫೆಬ್ರವರಿ 8ರಂದು ದರ ತಾರತಮ್ಯ ನಿಷೇಧದ ನಿಯಮ ಬಂತು. ಮುರಿದರೆ ದಿನಕ್ಕೆ 50,000 ರೂಪಾಯಿ ದಂಡ.

ಸ್ವಯಂಸೇವಕರ ಈ ಕಾರ್ಯತಂತ್ರವನ್ನು ಯಾವ ನಾಯಕನೂ ಮುಂಚೆಯೇ ಬರೆದಿಟ್ಟಿರಲಿಲ್ಲ. ಎಲ್ಲರ ಕಣ್ಣೆದುರು ಕೆಲಸ ನಡೆಯುತ್ತ, ಹೊಸಬರು ಸೇರುತ್ತ, ಅದು ಹದಗೊಂಡಿತು. ಟ್ರಾಯ್ ಕೇಳಿದ ಪ್ರಶ್ನೆಗೆ, ಅದು ಕೊಟ್ಟ ಗಡುವಿನೊಳಗೆ, ಅರ್ಥವಾಗುವ ಮಾತಿನಲ್ಲಿ ಉತ್ತರ ಕೊಟ್ಟಿದ್ದೇ ಅದರ ಬಲ.

ಇಂದಿಗೂ ಕರಡು ನಿಯಮಗಳು, ಅಧಿಸೂಚನೆಗಳು ಹೊರಬೀಳುತ್ತಲೇ ಇರುತ್ತವೆ. ಆಕ್ಷೇಪಣೆ ಸಲ್ಲಿಸಿ ಎಂಬ ಸಾಲು ಹಲವುಗಳ ಕೊನೆಯಲ್ಲಿ ಇರುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಿಟ್ಟು ಹರಿದಾಡುವಷ್ಟರಲ್ಲಿ ಗಡುವು ದಾಟಿರುತ್ತದೆ. ಆ ಗುಂಪಿನಲ್ಲೇ ಒಬ್ಬರು ಓದಲಿ, ಒಬ್ಬರು ಕನ್ನಡದಲ್ಲಿ ಸಾರಾಂಶ ಬರೆಯಲಿ, ಕಾನೂನು ಬಲ್ಲವರು ತಿದ್ದಲಿ, ಉಳಿದವರು ತಮ್ಮ ಅನುಭವ ಸೇರಿಸಿ ಕಳಿಸಲಿ. ಮುಂದಿನ ಕರಡು ಹೊರಬಿದ್ದ ದಿನವೇ ಕೆಲಸ ಹಂಚಿಕೊಳ್ಳೋಣ.