ನಗೆಯ ಮರೆಗೆ ಸಂದ ಸಂಗೀತ

ಗಡಿನಾಡಿನ ಕನ್ನಡ ಪತ್ರಿಕೆಯೊಂದು ತನ್ನ ಮೊದಲ ಪುಟಗಳನ್ನು ಝರಾಸಂಗಮದ ಕೇತಕಿ ಸಂಗಮೇಶ್ವರನ ಜಾತ್ರೆಗೋ, ನಾರಾಯಣಖೇಡದ ಹಳ್ಳಿಗಳಲ್ಲಿ ಏಕತಾರಿ ಮೀಟುತ್ತ ಇರುಳು ಕಳೆಯುವ ತತ್ತ್ವಪದಕಾರರಿಗೋ, ಅಥವಾ ನಮ್ಮ ಮಕ್ಕಳ ಕನ್ನಡ ಕಲಿಕೆಯೆಂಬ ಎಂದಿಗೂ ಮುಗಿಯದ ಚಿಂತೆಗೋ ಮೀಸಲಿಡುವುದು ವಾಡಿಕೆಯಾಗಿರುವಾಗ, ಈ ಸಲ ಅವೆಲ್ಲವನ್ನೂ ಒತ್ತಟ್ಟಿಗಿರಿಸಿ 1978ರ ಚಲನಚಿತ್ರವೊಂದರ ಹಾಡುಗಳನ್ನು, ಅದರಲ್ಲಿಯೂ ಲೋಕವೆಲ್ಲ ನಗೆಗೆ ಗುರಿಮಾಡಿದ ಒಂದು ಹಾಡನ್ನು, ಸಂಪಾದಕೀಯದ ವಿಷಯವಾಗಿ ಎತ್ತಿಕೊಂಡಿರುವುದು ಕೆಲವು ಓದುಗರಿಗೆ ಅನುಚಿತವಾಗಿ ತೋರಿದರೆ ಅಚ್ಚರಿಯಿಲ್ಲ. ಆದರೂ ಈ ವಿಷಯದಲ್ಲಿ ನಾವು ಆಡಬೇಕಾದ ಮಾತೊಂದಿದೆ. ಅದನ್ನು ಆಡಲು ಜಹೀರಾಬಾದಿನಂತಹ ಊರಿಗಿಂತ ತಕ್ಕ ಸ್ಥಳವಿಲ್ಲವೆಂಬುದು ಮುಂದೆ ಓದಿದಂತೆ ತಿಳಿದೀತು.

ಚಿತ್ರದ ಹೆಸರು ‘ಆಪರೇಷನ್ ಡೈಮಂಡ್ ರಾಕೆಟ್’. ದೊರೈ–ಭಗವಾನ್ ಜೋಡಿಯು 1968ರಲ್ಲಿ ‘ಜೇಡರ ಬಲೆ’ಯಿಂದ ಆರಂಭಿಸಿ, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಎಂಬ ಚಿತ್ರಗಳನ್ನು ನಿರ್ದೇಶಿಸಿ, ಡಾ. ರಾಜಕುಮಾರರನ್ನು ಕನ್ನಡದ ಗೂಢಚಾರನನ್ನಾಗಿ ನಿಲ್ಲಿಸಿದ್ದ ಮಾಲೆಗೆ, ಹಲವು ವರ್ಷಗಳ ಮೌನದ ತರುವಾಯ ಸೇರಿದ ಕಡೆಯ ಮಣಿಯಿದು. ಈ ಅವಧಿಯಲ್ಲಿ ಆ ನಿರ್ದೇಶಕರು ‘ಕಸ್ತೂರಿ ನಿವಾಸ’, ‘ಎರಡು ಕನಸು’, ‘ಬಯಲು ದಾರಿ’ಗಳಂತಹ ಗೃಹಸ್ಥಚಿತ್ರಗಳ ಕಡೆಗೆ ತಿರುಗಿದ್ದರು, ನಾಯಕನೂ ಪೌರಾಣಿಕ, ಸಾಮಾಜಿಕಗಳಲ್ಲಿ ಮಹಾಪುರುಷನ ಪದವಿಗೆ ಏರಿಬಿಟ್ಟಿದ್ದನು, ಅದೇ 1978ರಲ್ಲಿ ‘ಶಂಕರ್ ಗುರು’ ಜನಮನವನ್ನೆಲ್ಲ ಸೂರೆಗೊಂಡಿತು. ಇಂತಿರಲು ಕೋಟು ತೊಟ್ಟ ಪತ್ತೇದಾರನ ಚಿತ್ರದ ಸಂಗೀತವನ್ನು ಸಂಗೀತವೆಂದೇ ಕೇಳುವ ವ್ಯವಧಾನ ಯಾರಿಗಿತ್ತು? ಅದರಲ್ಲಿ ಉಳಿದುದು ಒಂದೇ ಹಾಡು, ‘ಇಫ್ ಯು ಕಮ್ ಟುಡೇ’ ಎಂಬ ಇಂಗ್ಲಿಷ್ ಗೀತೆ; ಚಿ. ಉದಯಶಂಕರರು ಬರೆದು, ಜಿ.ಕೆ. ವೆಂಕಟೇಶರು ರಾಗ ಕಟ್ಟಿ, ರಾಜಕುಮಾರರು ಸ್ವತಃ ಹಾಡಿದುದು. ಅದು ಕೂಡ ಉಳಿದುದು ಕೌತುಕದ ವಸ್ತುವಾಗಿ, ಗೆಳೆಯರು ಕೂಡಿದಾಗ ಕೈಯಿಂದ ಕೈಗೆ ದಾಟಿಸಿ ನಗುವ ಸಾಮಗ್ರಿಯಾಗಿ. ಮಿಕ್ಕ ಹಾಡುಗಳ ಹೆಸರನ್ನು ಕೇಳಿದರೆ ಅಭಿಮಾನಿಗಳೂ ಕ್ಷಣಕಾಲ ತಡವರಿಸುತ್ತಾರೆ.

ಈ ಸಂಗೀತವನ್ನು ಕಟ್ಟಿದ ಗುರಜಾಡ ಕೃಷ್ಣದಾಸ ವೆಂಕಟೇಶರು ಹುಟ್ಟಿದುದು 1927ರಲ್ಲಿ, ಹೈದರಾಬಾದಿನಲ್ಲಿ. ಆ ಕಾಲಕ್ಕೆ ಜಹೀರಾಬಾದೂ ನಾರಾಯಣಖೇಡವೂ ಬೀದರ ಜಿಲ್ಲೆಯ ನೆಲ, ತಾಂಡೂರು ಗುಲ್ಬರ್ಗ ಜಿಲ್ಲೆಯ ತಾಲೂಕು. ಎಲ್ಲಕ್ಕೂ ನಿಜಾಮನದೇ ಒಡೆತನ. 1956ರ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಬೀದರವೂ ಗುಲ್ಬರ್ಗವೂ ಮೈಸೂರಿಗೆ ಸಂದವು, ನಮ್ಮ ಈ ಮೂರು ತಾಲೂಕುಗಳು ಮಾತ್ರ ಅವುಗಳಿಂದ ಬೇರ್ಪಟ್ಟು ಆಂಧ್ರಕ್ಕೆ ಸಂದವು. ವೆಂಕಟೇಶರು ತೆಲುಗು ಮನೆಮಾತಿನವರು, ಬದುಕು ಕಟ್ಟಿಕೊಂಡುದು ಮದರಾಸಿನಲ್ಲಿ, ಕೀರ್ತಿ ಸಂಪಾದಿಸಿದುದು ಕನ್ನಡದಲ್ಲಿ. ತೆಲುಗು, ಕನ್ನಡ, ಮರಾಠಿ, ದಖ್ಖನಿಗಳು ಒಂದೇ ಸಂತೆಯಲ್ಲಿ ಕಲೆತು ಕೇಳಿಬರುವ ನೆಲದವರಾದ ನಮಗೆ ಇಂತಹ ಬಾಳು ವಿಚಿತ್ರವಾಗಿ ತೋರುವುದಿಲ್ಲ. ಅವರನ್ನು ನಮ್ಮವರೆಂದು ಹೇಳಿಕೊಳ್ಳಲು ನಮಗಿರುವ ಅಧಿಕಾರವನ್ನು ನಾವು ಇದುವರೆಗೆ ಚಲಾಯಿಸಿಲ್ಲ, ಈಗ ಚಲಾಯಿಸುತ್ತಿದ್ದೇವೆ.

ವೆಂಕಟೇಶರ ವ್ಯಾಪ್ತಿಯನ್ನು ನೆನೆದಾಗ ಈ ಉಪೇಕ್ಷೆ ಇನ್ನಷ್ಟು ಖೇದಕರವಾಗಿ ಕಾಣುತ್ತದೆ. ಅ.ನ.ಕೃ. ಅವರ ಕಾದಂಬರಿಯನ್ನು ಆಧರಿಸಿದ 1966ರ ‘ಸಂಧ್ಯಾರಾಗ’ದಲ್ಲಿ ಭೀಮಸೇನ ಜೋಶಿಯವರ ಕಂಠವನ್ನು ಕನ್ನಡ ಚಿತ್ರಕ್ಕೆ ತಂದವರು ಅವರೇ, ‘ಬಂಗಾರದ ಮನುಷ್ಯ’, ‘ಭಕ್ತ ಕುಂಬಾರ’ಗಳ ಸಂಗೀತವೂ ಅವರದೇ, 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜಕುಮಾರರಿಂದ ಹಾಡಿಸಿ, ಅಲ್ಲಿಂದಾಚೆ ಆ ನಟನನ್ನು ತನ್ನ ಕಂಠಕ್ಕೆ ತಾನೇ ಒಡೆಯನಾಗುವಂತೆ ಮಾಡಿದವರೂ ಅವರೇ. ಅವರ ಬಳಿ ವರ್ಷಗಟ್ಟಲೆ ಗಿಟಾರು ನುಡಿಸಿಕೊಂಡು ಸಹಾಯಕನಾಗಿ ದುಡಿದ ತರುಣನೊಬ್ಬ 1976ರಲ್ಲಿ ‘ಅನ್ನಕ್ಕಿಳಿ’ ಎಂಬ ತಮಿಳು ಚಿತ್ರದಿಂದ ಇಳಯರಾಜನೆಂದು ಪ್ರಖ್ಯಾತನಾದನು. ಹಿಂದೂಸ್ತಾನಿ ಖ್ಯಾಲನ್ನೂ ಹಳ್ಳಿಯ ಭಜನೆಯನ್ನೂ ಬಲ್ಲ ಕೈ ವಿದ್ಯುತ್ ಗಿಟಾರನ್ನು ಎತ್ತಿಕೊಂಡಾಗ, ಅದು ಅಜ್ಞಾನದ ಅನುಕರಣೆಯಾಗಿರಲು ಸಾಧ್ಯವಿಲ್ಲವೆಂದು ಊಹಿಸುವಷ್ಟು ಗೌರವವನ್ನಾದರೂ ನಾವು ತೋರಬೇಕಾಗಿತ್ತು.

ವಿದ್ಯುತ್ ಗಿಟಾರಿಗೂ ಗೂಢಚಾರನಿಗೂ ನಂಟು ಬೆಳೆದ ಬಗೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1962ರಲ್ಲಿ ‘ಡಾಕ್ಟರ್ ನೋ’ ಚಿತ್ರಕ್ಕಾಗಿ ಮಾಂಟಿ ನಾರ್ಮನ್ ರಚಿಸಿದ ರಾಗವನ್ನು ಜಾನ್ ಬ್ಯಾರಿ ವಾದ್ಯವೃಂದಕ್ಕೆ ಅಳವಡಿಸಿದಾಗ, ವಿಕ್ ಫ್ಲಿಕ್ ಎಂಬ ವಾದಕನು ಗಿಟಾರಿನ ಮಂದ್ರ ತಂತಿಗಳ ಮೇಲೆ ನುಡಿಸಿದ ಕೆಲವೇ ಸ್ವರಗಳ ಒಂದು ಆವರ್ತವು ಜಗತ್ತಿನ ಎಲ್ಲ ಭಾಷೆಗಳ ಪತ್ತೇದಾರಿ ಚಿತ್ರಗಳಿಗೂ ಆದಿಮಂತ್ರವಾಯಿತು. ‘ಜೇಡರ ಬಲೆ’ಗೆ ಹಿನ್ನೆಲೆ ಆ ಗಾಳಿಯೇ. ಅದೇ 1968ರಲ್ಲಿ ಇಂಗ್ಲೆಂಡಿನಲ್ಲಿ ಲೆಡ್ ಜೆಪಲಿನ್, ಡೀಪ್ ಪರ್ಪಲ್ ವೃಂದಗಳೂ ಹುಟ್ಟಿದವು; ಎರಡು ವರ್ಷದ ಬಳಿಕ ಬರ್ಮಿಂಗ್‌ಹ್ಯಾಮಿನಿಂದ ಬ್ಲ್ಯಾಕ್ ಸಬ್ಬತ್ ವೃಂದದ ಮೊದಲ ಆಲ್ಬಂ ಬಂದಿತು. ಆ ವೃಂದದ ಟೋನಿ ಅಯೋಮಿ ಎಂಬ ಗಿಟಾರು ವಾದಕನು ತರುಣನಾಗಿದ್ದಾಗ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದು, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿಗಳನ್ನು ಕಳೆದುಕೊಂಡನು. ಪ್ಲಾಸ್ಟಿಕ್ಕಿನಿಂದ ಬೆರಳ ಟೊಪ್ಪಿಗೆಗಳನ್ನು ತಾನೇ ಮಾಡಿಕೊಂಡು, ನೋವು ತಗ್ಗಲೆಂದು ತಂತಿಗಳ ಬಿಗುವನ್ನು ಸಡಿಲಿಸಿದಾಗ, ಆ ವಾದ್ಯದಿಂದ ಹಿಂದೆಂದೂ ಕೇಳದಿದ್ದ ಒಂದು ಭಾರವಾದ ನಾದ ಹೊಮ್ಮಿತು. ಹಾರ್ಡ್ ರಾಕ್ ಎಂಬ ಹೆಸರಿನ ಹಿಂದೆ ಇಂತಹ ದುಡಿಮೆಯೂ ನೋವೂ ಇದೆ. ತಾಂಡೂರಿನ ಕಲ್ಲುಗಣಿಗಳಲ್ಲಿ ಬೆರಳು ಜಜ್ಜಿಸಿಕೊಂಡ ಕೈಗಳನ್ನು ಕಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದಲ್ಲಿಯೂ ಈ ಸಂಗೀತವನ್ನು ನೇರವಾಗಿ ಕೈಗೆತ್ತಿಕೊಂಡ ತರುಣರಿದ್ದರು. ಸಿಗರೇಟು ಕಂಪನಿಯೊಂದು ನಡೆಸುತ್ತಿದ್ದ ‘ಸಿಮ್ಲಾ ಬೀಟ್’ ಸ್ಪರ್ಧೆಯ ಹಾಡುಗಳು 1970 ಮತ್ತು 1971ರಲ್ಲಿ ಒಂದೊಂದು ಲಾಂಗ್‌ಪ್ಲೇ ತಟ್ಟೆಯಾಗಿ ಬಂದವು. ಶಿಲ್ಲಾಂಗ್, ಕಲಕತ್ತ, ಮದರಾಸುಗಳ ವೃಂದಗಳು ಅವುಗಳಲ್ಲಿ ಕೇಳಿಬರುತ್ತವೆ. ಬೆಂಗಳೂರಿನಲ್ಲಿ ಹ್ಯೂಮನ್ ಬಾಂಡೇಜ್ ಎಂಬ ವೃಂದವು ಎಪ್ಪತ್ತರ ದಶಕದಲ್ಲಿ ಬಹಳ ಹೆಸರು ಗಳಿಸಿತ್ತು. ಅದರ ಡ್ರಮ್ಸ್ ವಾದಕ ರಮೇಶ್ ಶೋಥಂ ಮುಂದೆ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನಲ್ಲಿ ತವಿಲ್ ಅಭ್ಯಾಸಮಾಡಿ ಜರ್ಮನಿಗೆ ತೆರಳಿದರು. ಮುಂಬಯಿಯ ಅಟಾಮಿಕ್ ಫಾರೆಸ್ಟ್ ವೃಂದದ ‘ಅಬ್ಸೆಷನ್ 77’ ಆಲ್ಬಂ ಅಂಗಡಿಗೆ ಬರುವ ವೇಳೆಗೆ ವೃಂದವೇ ಚದುರಿಹೋಗಿತ್ತು. ದಶಕಗಳ ಮೇಲೆ ಅಮೆರಿಕದ ಸಂಸ್ಥೆಯೊಂದು ಅದನ್ನು ಮರುಮುದ್ರಿಸಿತು. ಆಫ್ರಿಕದ ಜಾಂಬಿಯ ದೇಶದಲ್ಲಿಯೂ ತಾಮ್ರದ ಗಣಿಗಳ ನಡುವೆ ಇಂತಹುದೇ ಸಂಗೀತ ಹುಟ್ಟಿ, ತಾಮ್ರದ ಬೆಲೆ ಕುಸಿದ ಬಳಿಕ ನಂದಿ, ಹೊರನಾಡಿನವರ ಆಸಕ್ತಿಯಿಂದಲೇ ಮರುಜೀವ ಪಡೆಯಿತು. ನಾವು ಕೇಳಿಸಿಕೊಳ್ಳದುದನ್ನು ಪರರು ಬಂದು ಕೇಳಿಸಿಕೊಳ್ಳುವವರೆಗೆ ಕಾಯುವುದು ನಮ್ಮ ದೇಶದಲ್ಲಿ ರೂಢಿಯಾಗಿಬಿಟ್ಟಿದೆ. ವೆಂಕಟೇಶರ ವಿಷಯದಲ್ಲಿ ಹಾಗಾಗಬಾರದೆಂಬುದು ನಮ್ಮ ಆಗ್ರಹ.

‘ಆಪರೇಷನ್ ಡೈಮಂಡ್ ರಾಕೆಟ್’ ಅನ್ನು ಹಾರ್ಡ್ ರಾಕ್ ಎಂದು ಕರೆದರೆ ಬಲ್ಲವರು ಒಪ್ಪಲಾರರು; ನಾವೂ ಕರೆಯುವುದಿಲ್ಲ. ನಗರಗಳ ಇಂಗ್ಲಿಷ್ ಬಲ್ಲ ತರುಣರಿಗೆ ಲಾಂಗ್‌ಪ್ಲೇ ತಟ್ಟೆಗಳಿಂದ ತಲುಪಿದ ಆ ಕಾಲದ ವಿದ್ಯುದ್ವಾದ್ಯಗಳ ಕಾವು, ಬೀದರದ ಚಿತ್ರಮಂದಿರಕ್ಕೂ 1966ರಲ್ಲಿ ಆರಂಭವಾದ ಗುಲ್ಬರ್ಗ ಆಕಾಶವಾಣಿಯನ್ನು ಆಲಿಸುತ್ತಿದ್ದ ನಮ್ಮ ಕಡೆಯ ಮನೆಗಳಿಗೂ ತಲುಪಿದುದು ಇಂತಹ ಚಲನಚಿತ್ರಗಳ ಮೂಲಕ. ಮದರಾಸಿನ ಧ್ವನಿಮುದ್ರಣಾಲಯದಲ್ಲಿ ವಯೊಲಿನ್ನಿನವನೂ ಡ್ರಮ್ಸಿನವನೂ ತುತ್ತೂರಿಯವನೂ ಗಾಯಕನೂ ಒಟ್ಟಿಗೆ ಕುಳಿತು, ಒಬ್ಬನು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸುವ ಶಿಸ್ತಿನ ಮೂಲಕ.

ಈಗ ಆ ಹಾಡಿಗೆ ಬರೋಣ. ಇಂದು ಬಂದರೆ ಬೇಗನಾಯಿತು, ನಾಳೆ ಬಂದರೆ ತಡವಾಯಿತು ಎಂದು ಪ್ರಿಯತಮೆಯನ್ನು ಕೆಣಕುವ ಸರಳವಾದ ಭಾವ. ಗಡಿಯಾರದ ಟಿಕ್‌ಟಿಕ್ ಶಬ್ದವೇ ಅದರ ಪಲ್ಲವಿಗೆ ಲಯ. ಜನರು ನಗುವುದು ಈ ಮಾತುಗಳಿಗೆ, ಈ ಉಚ್ಚಾರಕ್ಕೆ. ಏಕೆ ನಗುತ್ತಾರೆಂದು ವಿಚಾರಿಸಿದಾಗ ನಮಗೆ ಹೊಳೆದುದು ಇದು: ಅವರಲ್ಲಿ ಬಹುಪಾಲಿನವರು ಈ ಹಾಡನ್ನು ಕೇಳಿರುವುದು ಕೈಯಲ್ಲಿ ಹಿಡಿದ ಫೋನಿನ ಪುಟ್ಟ ಧ್ವನಿವರ್ಧಕದಲ್ಲಿ. ಬಾಸ್ ಗಿಟಾರಿನ ಅತ್ಯಂತ ಕೆಳಗಿನ ತಂತಿಯು ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಉಗುರಿನಗಲದ ಧ್ವನಿವರ್ಧಕಕ್ಕೆ ಅಷ್ಟು ಮಂದ್ರವಾದ ನಾದವನ್ನು ಹೊರಡಿಸುವ ಶಕ್ತಿಯಿಲ್ಲ. ಆದುದರಿಂದ ಹಾಡಿನ ಅಡಿಪಾಯವೆಲ್ಲ ಕರಗಿಹೋಗಿ, ಮೇಲುಸ್ತರದ ಮಾತು ಮಾತ್ರ ತೇಲಿ ಉಳಿಯುತ್ತದೆ. ಗೋಡೆಗಳಿಲ್ಲದೆ ಬಾಗಿಲ ಚೌಕಟ್ಟೊಂದೇ ಬಯಲಿನಲ್ಲಿ ನಿಂತಿದ್ದರೆ ನೋಡಿದವರು ನಗದಿರುತ್ತಾರೆಯೆ? ಅದೇ ಹಾಡನ್ನು ಸಾಧಾರಣವಾದೊಂದು ಧ್ವನಿವರ್ಧಕದ ಮುಂದೆ ಕುಳಿತು ಕೇಳಿರಿ. ಬಾಸ್ ಗಿಟಾರೂ ಡ್ರಮ್ಸೂ ಕೈಹಿಡಿದು ನಡೆಯುವ ಬಗೆ, ತುತ್ತೂರಿಗಳು ಮಾತಿನ ಮೇಲೆ ಎರಗದೆ ಅದರ ಬಿಡುವುಗಳಲ್ಲಿ ಹಣಿಕಿಹಾಕುವ ಸೌಜನ್ಯ, ಗಡಿಯಾರದ ಸದ್ದು ಅಲಂಕಾರವಾಗಿ ಉಳಿಯದೆ ಹಾಡಿನ ನಾಡಿಯೇ ಆಗುವ ಚಮತ್ಕಾರ, ಇವೆಲ್ಲ ಒಂದೊಂದಾಗಿ ಗೋಚರಕ್ಕೆ ಬರುತ್ತವೆ. ಕೇಳಿದ ಮೇಲೂ ನಗುವವರು ನಗಲಿ. ಕೇಳದೆ ನಗುವುದು ಅನ್ಯಾಯ.

ರಾಜಕುಮಾರರ ಗಾಯನದ ಬಗ್ಗೆ ನಮಗೆ ಇನ್ನೂ ಗಟ್ಟಿಯಾದ ಅಭಿಪ್ರಾಯವಿದೆ. ಎಳವೆಯಲ್ಲಿಯೇ ಶಾಲೆಯನ್ನು ಬಿಟ್ಟು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ರಂಗದ ಮೇಲೆ ಬೆಳೆದ ಆ ನಟನಿಗೆ ಇಂಗ್ಲಿಷ್ ಓದಿನಿಂದ ಬಂದ ಭಾಷೆಯಲ್ಲ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಡೆಯ ಸಾಲಿನ ಪ್ರೇಕ್ಷಕನಿಗೂ ಅಕ್ಷರ ಅಕ್ಷರವೂ ತಲುಪಬೇಕೆಂದು ಕಲಿಸಿದ ರಂಗಭೂಮಿಯ ಶಿಕ್ಷಣವನ್ನೇ ಅವರು ಈ ಪರಭಾಷೆಯ ಪದಗಳಿಗೂ ಅನ್ವಯಿಸುತ್ತಾರೆ: ಸ್ವರಗಳು ಪೂರ್ಣವಾಗಿ ತೆರೆದುಕೊಳ್ಳುತ್ತವೆ, ವ್ಯಂಜನಗಳು ಹರಿತವಾಗಿ ಮುಗಿಯುತ್ತವೆ, ತಾಳದ ಮೇಲಣ ಹಿಡಿತ ಒಂದೆಡೆಯೂ ಸಡಿಲುವುದಿಲ್ಲ. ಆಂಗ್ಲನ ಉಚ್ಚಾರವನ್ನು ಅಣಕಿಸುವ ಪ್ರಯತ್ನವೇ ಇಲ್ಲಿ ಕಾಣದು. ಇದೇ ಕಂಠಕ್ಕೆ ಮುಂದೆ 1992ರ ‘ಜೀವನ ಚೈತ್ರ’ದ ಗಾಯನಕ್ಕಾಗಿ ರಾಷ್ಟ್ರಪ್ರಶಸ್ತಿ ಬಂದಾಗ ನಾಡು ಹೆಮ್ಮೆಪಟ್ಟಿತು. ರಾಗಾಲಾಪಕ್ಕೆ ಮಣಿದ ನಾವು ಅದೇ ಗಾಯಕನ, ಅದೇ ಶ್ರದ್ಧೆಯ ಈ ಇನ್ನೊಂದು ಸಾಧನೆಗೆ ಕಿವಿಯನ್ನು ಮುಚ್ಚಿಕೊಂಡುದು, ಗಂಭೀರವೆಂದರೆ ಶಾಸ್ತ್ರೀಯವಾದುದು ಮಾತ್ರ ಎಂಬ ಹಳೆಯ ಹಟದಿಂದ. ಆ ಹಟ ನಮ್ಮ ಪತ್ರಿಕೆಗಳಲ್ಲಿಯೂ ಕಡಿಮೆಯಿಲ್ಲ. ಚಲನಚಿತ್ರ ಸಂಗೀತದ ಸಾಹಿತ್ಯವನ್ನು ಕುರಿತು ಪುಟಗಟ್ಟಲೆ ಬರೆಯುವವರು ವಾದ್ಯಸಂಯೋಜನೆಯನ್ನು ಕುರಿತು ಒಂದು ವಾಕ್ಯವನ್ನೂ ಬರೆಯುವುದಿಲ್ಲ.

ಇಷ್ಟು ಹೇಳಿದ ಮೇಲೆ ಓದುಗರಲ್ಲಿ ಒಂದು ಕೋರಿಕೆ. ಆ ಕಾಲದ ಕನ್ನಡ ಚಿತ್ರಗೀತೆಗಳು ಹೊರಬಂದುದು ಬಹುಮಟ್ಟಿಗೆ ನಿಮಿಷಕ್ಕೆ 45 ಸುತ್ತು ತಿರುಗುವ ಏಳಂಗುಲದ ಪುಟ್ಟ ತಟ್ಟೆಗಳಲ್ಲಿ. ಮೂಲ ಧ್ವನಿಸುರುಳಿಗಳು ಸುಸ್ಥಿತಿಯಲ್ಲಿ ಉಳಿದಿರುತ್ತವೆಂಬ ಭರವಸೆಯನ್ನಿಟ್ಟುಕೊಂಡು ಕೂರುವ ಹಾಗಿಲ್ಲವಾದುದರಿಂದ, ಮನೆಮನೆಯ ಕಪಾಟಿನಲ್ಲಿ ಉಳಿದ ತಟ್ಟೆಯೇ ಅನೇಕ ವೇಳೆ ಕಡೆಯ ಸಾಕ್ಷಿ. ನಮ್ಮ ಮಗ್ಗುಲಲ್ಲಿಯೇ, ಮಾಚನೂರಿನಲ್ಲಿ, 2008ರಿಂದ ದಲಿತ ಮಹಿಳೆಯರು ತಾವೇ ನಡೆಸಿಕೊಂಡು ಬಂದಿರುವ ಸಂಗಂ ರೇಡಿಯೋ ತನ್ನ ಸುತ್ತಲಿನ ಹಳ್ಳಿಗಳ ಹಾಡುಗಳನ್ನು ಧ್ವನಿಮುದ್ರಿಸಿ ಕೇಳಿಸುತ್ತಿರುವಾಗ, ನಾವು ಕನ್ನಡದ ತಟ್ಟೆಗಳನ್ನು ಗುಜರಿಯವನಿಗೆ ತೂಕಕ್ಕೆ ಹಾಕುವುದು ಸಲ್ಲದು. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳ ಯಾವ ಮನೆಯಲ್ಲಿಯೇ ಆಗಲಿ ವೆಂಕಟೇಶರ ಹೆಸರುಳ್ಳ ತಟ್ಟೆಯೊಂದು ದೊರೆತರೆ, ಅದರ ನಡುವಣ ಕಾಗದದ ಮೇಲಿರುವ ಚಿತ್ರದ ಹೆಸರು, ಗಾಯಕರ ಹೆಸರು, ಸಂಖ್ಯೆ ಇಷ್ಟನ್ನು ಬರೆದು ನಮಗೆ ಕಳುಹಿಸಿರಿ. ಅವನ್ನೆಲ್ಲ ಸೇರಿಸಿ ಒಂದು ಪಟ್ಟಿಯನ್ನು ಅಚ್ಚುಮಾಡುವ ಸಂಕಲ್ಪವಿದೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬೇಡಿರಿ, ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿರಿ. ನಮ್ಮ ಕಡೆಯ ವೈಶಾಖದ ಬಿಸಿಲು ತಾಗುವ ಕಿಟಕಿಯ ಬಳಿಯಾಗಲಿ, ತಗಡಿನ ಮಾಡಿನ ಕೆಳಗಾಗಲಿ ಇಡಬೇಡಿರಿ. ಮುಟ್ಟುವಾಗ ಅಂಚನ್ನಷ್ಟೇ ಹಿಡಿಯಿರಿ. ಲಕೋಟೆ ಹರಿದಿದ್ದರೂ ಎಸೆಯಬೇಡಿರಿ, ಅದರ ಬೆನ್ನ ಮೇಲೆ ಕೆಲವೊಮ್ಮೆ ಹಾಡುಗಳ ವಿವರ ಅಚ್ಚಾಗಿರುತ್ತದೆ.