ಡಬ್ಬ ಹಳೇದಾಯ್ತು ಅನ್ನೋ ಮುಂಚೆ, ಯಾವ ಪಾರ್ಟ್ ಹೋಗಿದೆ ಅಂತ ಕೇಳಿ

ಪಂಪ್‌ಸೆಟ್ ಮೋಟಾರ್ ಸುಟ್ಟುಹೋದರೆ ನಮ್ಮೂರಲ್ಲಿ ಯಾರೂ ಬೋರ್‌ವೆಲ್ ಮುಚ್ಚುವುದಿಲ್ಲ. ಮೋಟಾರ್ ಎತ್ತಿಸಿ ವೈಂಡಿಂಗ್ ಅಂಗಡಿಗೆ ಹಾಕುತ್ತೇವೆ. ಕಾಯಿಲ್ ಹೋಗಿದೆಯೋ, ಬೇರಿಂಗ್ ಹೋಗಿದೆಯೋ, ಬರೀ ಸ್ಟಾರ್ಟರ್ ಹೋಗಿದೆಯೋ ಅಂತ ಕೇಳುತ್ತೇವೆ. ಮೆಕ್ಯಾನಿಕ್ ಬಾಯಿ ಬಿಟ್ಟು ಹೇಳುವ ತನಕ ಜೇಬಿಗೆ ಕೈ ಹಾಕುವುದಿಲ್ಲ. ಅದೇ ಜನ ಕಂಪ್ಯೂಟರ್ ಅಂಗಡಿಯ ಕೌಂಟರ್ ಮುಂದೆ ನಿಂತಾಗ ಯಾಕೆ ಸುಮ್ಮನಾಗುತ್ತಾರೆ ಅನ್ನುವುದು ನನಗೆ ಅರ್ಥವಾಗದ ವಿಷಯ. "ಹಳೇದಾಯ್ತು ಸಾರ್, ಹೊಸಾದು ಹಾಕ್ಸಿಬಿಡಿ" ಅಂದರೆ ತಲೆ ಆಡಿಸಿ ಬರುತ್ತೇವೆ.

ಈ ಮಾತು ಈಗ ಯಾಕೆ ಅಂದರೆ, ಮಾಗಡಿ, ಕುಣಿಗಲ್, ರಾಮನಗರ, ಮಂಡ್ಯ ಕಡೆಯಿಂದ ಓದಲು ಹೋದ ನಮ್ಮ ಹುಡುಗರು ಬೆಂಗಳೂರಿನಲ್ಲಿ ಮೊದಲು ಇಳಿಯುವುದೇ ಪಶ್ಚಿಮದ ಬಡಾವಣೆಗಳಲ್ಲಿ. ಎಂಜಿನಿಯರಿಂಗ್ ಹುಡುಗರು ಕೆಂಗೇರಿ ಉಪನಗರದಲ್ಲಿ, ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಓದುವವರು ವಿಜಯನಗರ, ಅತ್ತಿಗುಪ್ಪೆಯಲ್ಲಿ, ಕೆಲಸಕ್ಕೆ ಸೇರಿದವರು ಬಸವೇಶ್ವರನಗರ, ರಾಜಾಜಿನಗರ, ಕಾಮಾಕ್ಷಿಪಾಳ್ಯದ ರೂಮುಗಳಲ್ಲಿ. ಅಂಥ ಎಷ್ಟೋ ರೂಮುಗಳಲ್ಲಿ ಒಂದು ಅಸೆಂಬಲ್ ಮಾಡಿಸಿದ ಗೇಮಿಂಗ್ ಕಂಪ್ಯೂಟರ್ ಇರುತ್ತದೆ. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸ್ ಹೆಸರಲ್ಲಿ ಕೊಂಡದ್ದು, ಇಲ್ಲವೇ ಅದಕ್ಕೂ ಒಂದೆರಡು ವರ್ಷ ಮುಂಚಿನದು. ಅವಕ್ಕೆಲ್ಲ ಈಗ ವಯಸ್ಸಾಗಿದೆ. ಆಟದ ಮಧ್ಯೆ ನಿಲ್ಲುತ್ತವೆ, ನೀಲಿ ಪರದೆ ತೋರಿಸುತ್ತವೆ, ತಾವಾಗಿ ಆಫ್ ಆಗಿ ಆನ್ ಆಗುತ್ತವೆ. ಆಮೇಲೆ ಊರಿಗೆ ಫೋನು: "ಅಪ್ಪಾ, ಹೊಸದು ತಗೋಬೇಕು, ಅರವತ್ತೋ ಎಪ್ಪತ್ತೋ ಸಾವಿರ ಆಗುತ್ತೆ."

ಇಲ್ಲಿ "ಗೇಮಿಂಗ್" ಅನ್ನುವ ಪದವೇ ಕೆಲಸ ಕೆಡಿಸುತ್ತದೆ. ಅಪ್ಪನಿಗೆ ಅದು ಆಟದ ಡಬ್ಬ, ಹಾಳಾದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಮಗನಿಗೆ ಹೊಸದು ಬೇಕು ಅನ್ನಿಸಿರುತ್ತದೆ. ಹಳೆಯದು ನಿಜಕ್ಕೂ ಸತ್ತಿದೆಯಾ ಅಂತ ನೋಡಲು ಇಬ್ಬರಿಗೂ ಮನಸ್ಸಿಲ್ಲ. ಆದರೆ ಬೇರೆ ಗ್ರಾಫಿಕ್ಸ್ ಕಾರ್ಡ್ ಇರುವ ಆ ಡಬ್ಬದಲ್ಲೇ ಹುಡುಗ ಆಟೋಕ್ಯಾಡ್ ಮಾಡುತ್ತಾನೆ, ಮದುವೆ ವಿಡಿಯೋ ಎಡಿಟ್ ಮಾಡಿ ತಿಂಗಳ ಖರ್ಚು ತೂಗಿಸುತ್ತಾನೆ. ಇದನ್ನು ಅಪ್ಪಂದಿರಿಗೆ ಯಾರಾದರೂ ಬಿಡಿಸಿ ಹೇಳಬೇಕು.

ನನ್ನ ಅಕ್ಕನ ಮಗ ಕೆಂಗೇರಿಯಲ್ಲಿದ್ದಾನೆ. 2019ರಲ್ಲಿ ಕೊಂಡ ಕಂಪ್ಯೂಟರ್: ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 16 ಜಿಬಿ ರ‍್ಯಾಮ್, ಜಿಟಿಎಕ್ಸ್ 1660 ಕಾರ್ಡ್. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಪಟ್ ಅಂತ ಆಫ್. ನೀಲಿ ಪರದೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಒಂದು ಅಂಗಡಿಯಲ್ಲಿ ಮುಚ್ಚಳ ತೆಗೆಯದೆಯೇ "ಬೋರ್ಡ್ ಹೋಗಿದೆ, ಇದಕ್ಕೆ ವಿಂಡೋಸ್ 11 ಕೂಡ ಬರಲ್ಲ, ಸೆಟ್ ಚೇಂಜ್ ಮಾಡಿ" ಅಂದರು. ಹಳೆಯದಕ್ಕೆ ಎಕ್ಸ್‌ಚೇಂಜ್ ನಾಲ್ಕು ಸಾವಿರ. ಭಾವ ನನಗೆ ಫೋನ್ ಮಾಡಿ, "ಏನಪ್ಪಾ, ಸೊಸೈಟಿಲಿ ಸಾಲ ಕೇಳ್ಲಾ? ನೀನೊಂದು ಮಾತು ಹೇಳು" ಅಂದರು.

ಅವನನ್ನೇ ಕೇಳಿದೆ. "ಯಾವ ಪಾರ್ಟ್ ಹೋಗಿದೆ ಅಂದ್ರೋ?"

"ಬೋರ್ಡಂತೆ ಮಾಮ."

"ಬೇರೆ ಪಾರ್ಟ್ ಹಾಕಿ ನೋಡಿದ್ರಾ?"

"ಇಲ್ಲ ಮಾಮ, ನೋಡಿ ಹೇಳಿದ್ರು ಅಷ್ಟೇ."

ಆಮೇಲೆ ವಿಜಯನಗರದ ಒಂದು ಸಣ್ಣ ರಿಪೇರಿ ಅಂಗಡಿಗೆ ಹೊತ್ತೊಯ್ದೆವು. ಅಲ್ಲಿನವರು ಮೊದಲು ಮಾಡಿದ್ದು ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿದ್ದು. ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಹಾಗೆ ಇಳಿಸಿ ಕೊಡುವ ಪೆಟ್ಟಿಗೆ. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, 12 ವೋಲ್ಟ್ ಲೈನ್‌ಗೆ 18 ಆಂಪ್ಸ್. ಹನ್ನೆರಡನ್ನು ಹದಿನೆಂಟರಿಂದ ಗುಣಿಸಿ ನೋಡಿ: 216 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು ಈ 12 ವೋಲ್ಟ್ ಲೈನಿನಿಂದಲೇ. ಕಾರ್ಡ್‌ಗೆ 120, ಪ್ರೊಸೆಸರ್‌ಗೆ 65 ಅಂತ ಕಂಪನಿಯೇ ಬರೆದಿದೆ, ಭಾರ ಬಿದ್ದಾಗ ಕ್ಷಣಕಾಲ ಅದಕ್ಕಿಂತ ಹೆಚ್ಚೂ ಎಳೆಯುತ್ತವೆ. ಆರೇಳು ವರ್ಷ ಹಳೆಯ ಪೆಟ್ಟಿಗೆ ಎಷ್ಟು ಅಂತ ಎಳೆದೀತು. ಐದು ಎಚ್‌ಪಿ ಮೋಟಾರನ್ನು ಸವೆದ ವೈರಿನಲ್ಲಿ ಓಡಿಸಿದ ಹಾಗೆ.

ಅವರು ತಮ್ಮಲ್ಲಿದ್ದ ಒಂದು ಒಳ್ಳೆಯ ಎಸ್‌ಎಂಪಿಎಸ್ ಸಿಕ್ಕಿಸಿ ಮಧ್ಯಾಹ್ನವಿಡೀ ಆಟ ಓಡಿಸಿದರು. ನಿಲ್ಲಲಿಲ್ಲ. ಬೋರ್ಡ್‌ಗೆ ಏನೂ ಆಗಿರಲಿಲ್ಲ. ವಿಂಡೋಸ್ 11 ಬರಲ್ಲ ಅಂದದ್ದೂ ಅಷ್ಟೇ. ಆ ಪ್ರೊಸೆಸರ್ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದೆ. ಬಯೋಸ್‌ನಲ್ಲಿ ಟಿಪಿಎಂ ಅನ್ನುವ ಒಂದು ಸೆಟ್ಟಿಂಗ್ ಆಫ್ ಇತ್ತು, ಆನ್ ಮಾಡಿದರು. ಒಟ್ಟು ಖರ್ಚು ಹೊಸ ಎಸ್‌ಎಂಪಿಎಸ್ ಮತ್ತು ಕೂಲಿ ಸೇರಿ ಐದು ಸಾವಿರ ದಾಟಲಿಲ್ಲ.

ಎಲ್ಲ ಕೇಸೂ ಹೀಗೇ ಮುಗಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಕಂಪ್ಯೂಟರ್ ನಿಲ್ಲುವ ರೀತಿಯಲ್ಲೇ ಸುಳಿವು ಇರುತ್ತದೆ, ಅದನ್ನು ಮನೆಯಲ್ಲೇ ಬರೆದಿಟ್ಟುಕೊಂಡು ಹೋದರೆ ಅಂಗಡಿಯವರು ನಿಮ್ಮ ಜೊತೆ ಬೇರೆ ರೀತಿ ಮಾತಾಡುತ್ತಾರೆ. ವಿಂಡೋಸ್‌ನಲ್ಲಿ ರಿಲಯಬಿಲಿಟಿ ಮಾನಿಟರ್ ಅಂತ ಹುಡುಕಿದರೆ ಯಾವ ದಿನ ಏನು ಕೆಟ್ಟಿತು ಅನ್ನುವ ಪಟ್ಟಿ ಸಿಗುತ್ತದೆ. ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತ ಕಂಡರೆ, ಸರಿಯಾಗಿ ಮುಚ್ಚದೆ ಯಂತ್ರ ಆಫ್ ಆಗಿದೆ ಅಂತ ಅರ್ಥ. ಎಸ್‌ಎಂಪಿಎಸ್ಸೇ ಕಾರಣ ಅಂತ ಅದು ಹೇಳುವುದಿಲ್ಲ, ಆದರೆ ಅಲ್ಲಿಂದ ಹುಡುಕಾಟ ಶುರು ಮಾಡಬಹುದು.

ಭಾರದ ಕೆಲಸದಲ್ಲಿ ಮಾತ್ರ, ಅದೂ ಸ್ವಲ್ಪ ಹೊತ್ತಾದ ಮೇಲೆ ನಿಲ್ಲುತ್ತಿದ್ದರೆ ಬಿಸಿಯನ್ನೂ ಅನುಮಾನಿಸಿ. ಮೈಸೂರು ರಸ್ತೆಯ ಪಕ್ಕದ ರೂಮಿನಲ್ಲಿ ಎರಡು ವರ್ಷ ಮುಚ್ಚಳ ತೆಗೆಯದ ಕಂಪ್ಯೂಟರ್ ಒಳಗೆ ದೂಳು ಕಂಬಳಿಯ ಹಾಗೆ ಕೂತಿರುತ್ತದೆ. ಪ್ರೊಸೆಸರ್ ಮತ್ತು ಅದರ ಫ್ಯಾನ್ ನಡುವೆ ಹಚ್ಚುವ ಪೇಸ್ಟ್ ಒಣಗಿರುತ್ತದೆ. ಶಾಖ 95-100 ಡಿಗ್ರಿಗೆ ಹೋದರೆ ಪ್ರೊಸೆಸರ್ ಮೊದಲು ತಾನೇ ನಿಧಾನವಾಗುತ್ತದೆ, ಆಗಲೂ ಇಳಿಯದಿದ್ದರೆ ಯಂತ್ರ ಆಫ್. ದೂಳು ಊದಿ ಹೊಸ ಪೇಸ್ಟ್ ಹಚ್ಚಲು ಕೆಲವು ನೂರು ರೂಪಾಯಿ ಸಾಕು. ಊದುವಾಗ ಫ್ಯಾನ್ ತಿರುಗದ ಹಾಗೆ ಬೆರಳಿನಿಂದ ಹಿಡಿದುಕೊಳ್ಳಿ.

ಸುಮ್ಮನಿದ್ದಾಗಲೂ, ಬರೀ ಬ್ರೌಸರ್ ತೆರೆದಾಗಲೂ ನೀಲಿ ಪರದೆ ಬಂದರೆ ರ‍್ಯಾಮ್ ನೋಡಿ. ಎರಡು ಸ್ಟಿಕ್ ಇದ್ದರೆ ಒಂದೊಂದಾಗಿ ಹಾಕಿ ಓಡಿಸಿ. ಮೆಮ್‌ಟೆಸ್ಟ್86 ಅನ್ನುವ ಉಚಿತ ಪರೀಕ್ಷೆಯನ್ನು ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ಉತ್ತರ ಇರುತ್ತದೆ. ಹಾರ್ಡ್ ಡಿಸ್ಕ್ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಪರೀಕ್ಷೆ ಆಮೇಲೆ, ಮೊದಲು ಫೋಟೋ, ಪ್ರಾಜೆಕ್ಟ್ ಎಲ್ಲ ಬೇರೆಡೆಗೆ ನಕಲು ಮಾಡಿ.

ಈಗ ಹೊಸದನ್ನು ಮಾರಲು ಅಂಗಡಿಗಳಿಗೆ ಒಂದು ಒಳ್ಳೆಯ ಹೆದರಿಕೆ ಸಿಕ್ಕಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಅದರರ್ಥ ಅವತ್ತಿನಿಂದ ಕಂಪ್ಯೂಟರ್ ಕೆಲಸ ಮಾಡುವುದಿಲ್ಲ ಅಂತ ಅಲ್ಲ, ಭದ್ರತೆಯ ಅಪ್‌ಡೇಟ್ ಬರುವುದಿಲ್ಲ ಅಂತ. ಅದಕ್ಕೂ ಮೈಕ್ರೋಸಾಫ್ಟ್ ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್ ಯೋಜನೆ ಕೊಟ್ಟಿತು, ಅಕೌಂಟ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ ಬ್ಯಾಕಪ್ ಆನ್ ಮಾಡಿದರೆ ಹಣ ಕೊಡಬೇಕಾಗಿಲ್ಲ. ಇಂಟೆಲ್‌ನಲ್ಲಿ 8ನೇ ತಲೆಮಾರು, ರೈಜೆನ್‌ನಲ್ಲಿ 2000 ಸರಣಿಯಿಂದ ಮೇಲಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಹೆಚ್ಚಿನವು ವಿಂಡೋಸ್ 11ಕ್ಕೆ ನೇರವಾಗಿ ಹೋಗುತ್ತವೆ. ಆದ್ದರಿಂದ ಕೊಂಡ ಬಿಲ್ ಹುಡುಕಿ ಮಾಡೆಲ್ ನಂಬರ್ ನೋಡಿ.

ಇನ್ನೊಂದು ವಿಷಯ ಅಂಗಡಿಯವರು ತಾವಾಗಿ ಹೇಳುವುದಿಲ್ಲ. 2025ರ ಕೊನೆಯಿಂದ ಜಗತ್ತಿನಾದ್ಯಂತ ರ‍್ಯಾಮ್ ಬೆಲೆ ಏರಿಬಿಟ್ಟಿದೆ. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿದೆ, ನಮ್ಮಂಥವರ ಪಾಲಿಗೆ ಉಳಿಯುವುದು ಕಡಿಮೆ. ಮೈಕ್ರಾನ್ ಕಂಪನಿಯಂತೂ ಕ್ರೂಶಿಯಲ್ ಹೆಸರಿನ ತನ್ನ ಚಿಲ್ಲರೆ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು. ಹೀಗಿರುವಾಗ ನಿಮ್ಮ ಹಳೆಯ ಡಬ್ಬದೊಳಗಿನ 16 ಜಿಬಿ ರ‍್ಯಾಮ್ ಕಸವಲ್ಲ. ಎಕ್ಸ್‌ಚೇಂಜ್‌ಗೆ ಮೂರು-ನಾಲ್ಕು ಸಾವಿರ ಅಂದಾಗ ಆ ರೇಟಿನಲ್ಲಿ ರ‍್ಯಾಮ್, ಕಾರ್ಡ್, ಎಸ್‌ಎಸ್‌ಡಿ ಎಲ್ಲ ಸೇರಿರುತ್ತದೆ ಅನ್ನುವುದು ನೆನಪಿರಲಿ. ಹಸು ಮಾರುವಾಗ ಕರುವನ್ನೂ ಜೊತೆಗೆ ಕಳಿಸಿದ ಹಾಗೆ. ರಿಪೇರಿಗೆ ಕೊಡುವಾಗಲೂ ಮುಚ್ಚಳ ತೆಗೆಸಿ, ಒಳಗಿನ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಕಾಣುವ ಹಾಗೆ ಫೋನಿನಲ್ಲಿ ಫೋಟೋ ತೆಗೆದುಕೊಂಡು ಬನ್ನಿ.

ಹಾಗಾದರೆ ಹೊಸದು ಕೊಳ್ಳಲೇಬಾರದಾ? ಕೊಳ್ಳಬೇಕಾದ ಸಂದರ್ಭಗಳಿವೆ. ಇಂಟೆಲ್ 7ನೇ ತಲೆಮಾರು ಅಥವಾ ಅದಕ್ಕೂ ಹಿಂದಿನದಾಗಿದ್ದು, ಮದರ್‌ಬೋರ್ಡೇ ಹೋಗಿದೆ ಅಂತ ಬೇರೆ ಬೋರ್ಡ್ ಹಾಕಿ ಖಚಿತವಾದರೆ, ಎಲ್ಲಿಂದಲೋ ಬಿಚ್ಚಿ ತಂದ ಹಳೆಯ ಬೋರ್ಡ್‌ಗೆ ದುಡ್ಡು ಸುರಿಯಬೇಡಿ. ಆಗಲೂ ಬದಲಾಯಿಸಬೇಕಾದ್ದು ಬೋರ್ಡ್, ಪ್ರೊಸೆಸರ್, ಅದಕ್ಕೆ ತಕ್ಕ ರ‍್ಯಾಮ್. ಕ್ಯಾಬಿನೆಟ್, ಮಾನಿಟರ್, ಕೀಬೋರ್ಡ್, ಎಸ್‌ಎಸ್‌ಡಿ, ಒಳ್ಳೆಯ ಎಸ್‌ಎಂಪಿಎಸ್ ಹಾಗೇ ಉಳಿಯುತ್ತವೆ. ರೈಜೆನ್ ಇದ್ದವರಿಗೆ ಇನ್ನೂ ಒಂದು ದಾರಿ ಇದೆ: ಬಿ450ಯಂಥ ಬೋರ್ಡ್‌ಗಳಲ್ಲಿ ಬಯೋಸ್ ಅಪ್‌ಡೇಟ್ ಮಾಡಿದರೆ ರೈಜೆನ್ 5 5600 ಕೂರುತ್ತದೆ, ರ‍್ಯಾಮ್ ಬದಲಿಸದೆಯೇ ವೇಗ ಸಿಗುತ್ತದೆ. ನನ್ನ ಲೆಕ್ಕ ಇಷ್ಟೇ: ರಿಪೇರಿ ಖರ್ಚು ಹೊಸದರ ಮೂರನೇ ಒಂದು ಭಾಗ ದಾಟಿದರೆ, ಇಲ್ಲವೇ ಒಂದೇ ವರ್ಷದಲ್ಲಿ ಎರಡನೇ ದೊಡ್ಡ ಪಾರ್ಟ್ ಹೋದರೆ ಕೈಬಿಡಿ.

ಗ್ರಾಫಿಕ್ಸ್ ಕಾರ್ಡ್ ವಿಷಯದಲ್ಲಿ ನಾನು ಸ್ವಲ್ಪ ಕಟು. ಪರದೆ ತುಂಬ ಬಣ್ಣದ ಚೌಕಗಳು, ಗೆರೆಗಳು ಬರುವ ಕಾರ್ಡನ್ನು "ಹೀಟ್ ಮಾಡಿ ಸರಿ ಮಾಡ್ತೀವಿ" ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ಬಿಸಿ ಮಾಡಿದ ಚಿಪ್ ಕೆಲವು ವಾರ ಓಡಿ ಮತ್ತೆ ಮಲಗುತ್ತದೆ. ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವುದಾದರೆ ಕಣ್ಣೆದುರೇ ಅರ್ಧ ಗಂಟೆ ಆಟ ಓಡಿಸಿ ತೋರಿಸಲು ಹೇಳಿ. 2022ರ ಸೆಪ್ಟೆಂಬರ್‌ನಲ್ಲಿ ಎಥೀರಿಯಂ ಮೈನಿಂಗ್ ನಿಂತ ಮೇಲೆ ಹಗಲು ರಾತ್ರಿ ದುಡಿದು ದಣಿದ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು, ಅವುಗಳ ಮೈ ಒರೆಸಿದರೆ ಹೊಸದರಂತೇ ಕಾಣುತ್ತವೆ. ಎಸ್‌ಪಿ ರೋಡ್‌ಗೆ ಹೋಗಲು ಕೆಂಗೇರಿಯವರಾದರೆ ಮೆಟ್ರೋದಲ್ಲಿ ಮೆಜೆಸ್ಟಿಕ್, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಗಿ ಚಿಕ್ಕಪೇಟೆ. ರಾಜಾಜಿನಗರದವರಿಗೆ ಹಸಿರು ಮಾರ್ಗದಲ್ಲೇ ನೇರ. ಏನೇ ಕೊಂಡರೂ ಬಿಲ್ ಕೇಳಿ. ಬಿಲ್ ಇದ್ದರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹೇಳಬಹುದು. ಬಿಲ್ ಇಲ್ಲದೆ ವಾದ ಮಾಡುವುದು ಕಷ್ಟ.

ಕೇಂದ್ರ ಸರ್ಕಾರ 2022ರ ಡಿಸೆಂಬರ್ 24ರಂದು ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿದಾಗ ಮೊದಲು ಆರಿಸಿಕೊಂಡ ಕ್ಷೇತ್ರಗಳಲ್ಲಿ ಕೃಷಿ ಯಂತ್ರಗಳೂ ಇದ್ದವು. ಕಂಪನಿಯೇ ರಿಪೇರಿ ಮಾಡಬೇಕು, ಪಾರ್ಟ್ ನಾವೇ ಕೊಡಬೇಕು ಅನ್ನುವ ಹಟ ಟ್ರ್ಯಾಕ್ಟರ್‌ನಿಂದ ಫೋನಿನವರೆಗೂ ಒಂದೇ. ಅಸೆಂಬಲ್ ಮಾಡಿದ ಕಂಪ್ಯೂಟರ್‌ಗೆ ಆ ಕಾಟ ಕಡಿಮೆ. ಸ್ಕ್ರೂ ಬಿಚ್ಚಿದರೆ ಪ್ರತಿ ಭಾಗವೂ ಬೇರೆಯಾಗುತ್ತದೆ, ಯಾವ ಕಂಪನಿಯದಾದರೂ ಹಾಕಬಹುದು. ಇಷ್ಟು ಸುಲಭವಾಗಿ ರಿಪೇರಿಯಾಗುವ ಯಂತ್ರ ಮನೆಯಲ್ಲಿ ಇನ್ನೊಂದಿಲ್ಲ. ಅದನ್ನೇ ಇಡಿಯಾಗಿ ಗುಜರಿಗೆ ಹಾಕುತ್ತಿದ್ದೇವೆ.

ನಿಜವಾಗಿ ಸತ್ತ ಪಾರ್ಟುಗಳನ್ನೂ ಗುಜರಿಯವನ ಗಾಡಿಗೆ ಹಾಕಬೇಡಿ. ತಾಮ್ರಕ್ಕಾಗಿ ವೈರ್ ಸುಡುವ ಹೊಗೆ ಎಂಥದ್ದು ಅಂತ ಊರಂಚಿನಲ್ಲಿ ಇರುವವರಿಗೆ ಗೊತ್ತು. ತುಮಕೂರು ರಸ್ತೆಯ ದಾಬಸ್‌ಪೇಟೆಯಲ್ಲಿ ಇ-ಪರಿಸರ ಎಂಬ ಅಧಿಕೃತ ಮರುಬಳಕೆ ಘಟಕ ಇದೆ. ಡಿಸ್ಕ್ ಮಾತ್ರ ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ, ಅದರಲ್ಲಿ ಆಧಾರ್ ಪ್ರತಿಯಿಂದ ಹಿಡಿದು ಮದುವೆ ಫೋಟೋವರೆಗೆ ಎಲ್ಲ ಇರುತ್ತದೆ.

ಮಗ ಹೊಸದು ಕೊಂಡು ಹಳೆಯದನ್ನು ಊರಿಗೆ ಕಳಿಸುತ್ತೇನೆ ಅಂದರೆ ಬೇಡ ಅನ್ನಬೇಡಿ. ಫೋಟೋ ಸ್ಟುಡಿಯೋಗೆ, ಡಿಟಿಪಿ ಅಂಗಡಿಗೆ, ತಂಗಿಯ ಓದಿಗೆ ಇನ್ನೂ ಐದು ವರ್ಷ ಬರುತ್ತದೆ. ಆದರೆ ನಮ್ಮ ವೋಲ್ಟೇಜ್‌ಗೆ ಅದನ್ನು ನೇರವಾಗಿ ಸಿಕ್ಕಿಸಬೇಡಿ. ಪಕ್ಕದ ತೋಟದಲ್ಲಿ ಮೋಟಾರ್ ಶುರುವಾದಾಗ ಬಲ್ಬ್ ಮಂಕಾಗುವ ಮನೆಯಾದರೆ ಒಂದು ಕೆವಿಎ ಯುಪಿಎಸ್ ಹಾಕಿ, ಮೂರು ಪಿನ್ನಿನ ಸಾಕೆಟ್‌ಗೆ ಅರ್ಥಿಂಗ್ ನಿಜವಾಗಿಯೂ ಇದೆಯಾ ಅಂತ ಲೈನ್‌ಮನ್ ಅಲ್ಲದಿದ್ದರೆ ವೈರಿಂಗ್ ಮಾಡುವವರ ಕೈಲಾದರೂ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅಂದರೆ ಇಲ್ಲ ಅಂತಲೇ ಅರ್ಥ.