ಹಾಡಿಗೇಕೆ ಬಿಟ್ಟ ಸ್ಥಳ?

ಡಿಸೆಂಬರ್ ಬಂತೆಂದರೆ ಇಂಗ್ಲಿಷ್ ತರಗತಿಗೆ ಕ್ರಿಸ್‌ಮಸ್ ಹಾಡು ಬರುತ್ತದೆ. ಅದರ ಬೆನ್ನಿಗೇ ‘ಬಿಟ್ಟ ಸ್ಥಳ ತುಂಬಿರಿ’ ಎಂಬ ಹಾಳೆಯೂ. ನನ್ನ ತಕರಾರು ಆ ಹಾಳೆಯ ಮೇಲೆ.

‘ದಿ ಟ್ವೆಲ್ವ್ ಡೇಸ್ ಆಫ್ ಕ್ರಿಸ್‌ಮಸ್’ ನೋಡಿ. 1780ರ ಸುಮಾರಿಗೆ ಲಂಡನ್ನಿನ ಮಕ್ಕಳ ಪುಸ್ತಕವೊಂದರಲ್ಲಿ ಅಚ್ಚಾದ ಇದು ನೆನಪಿನ ಆಟವೂ ಹೌದು. ದಿನಕ್ಕೊಂದು ಉಡುಗೊರೆ ಸೇರುತ್ತದೆ. ಪಟ್ಟಿ ತಪ್ಪಿದವರು ದಂಡ ಕೊಡಬೇಕು.

ಕನ್ನಡದಲ್ಲಿ ಎರಡಕ್ಕೂ ಹನ್ನೆರಡಕ್ಕೂ ‘ನೆಯ’ ಹಚ್ಚಿದರೆ ಸಾಕು. ಇಂಗ್ಲಿಷಿನ ಫಸ್ಟ್, ಸೆಕೆಂಡ್, ಥರ್ಡ್‌ಗಳಿಗೆ ಅಂಥ ಸೂತ್ರವಿಲ್ಲ. ‘ಟ್ವೆಲ್ಫ್ತ್’ ಎನ್ನುವಾಗ ಸ್ವರದಲ್ಲೇ ಪದ ಮುಗಿಸುವ ನಮ್ಮ ನಾಲಿಗೆ ತೊಡರುತ್ತದೆ. ‘ಗೂಸ್’ ಬಹುವಚನದಲ್ಲಿ ‘ಗೀಸ್’ ಆಗುತ್ತದೆ. ಇವು ಬರುವುದು ಬಾಯಿ ಪಳಗಿದಾಗ. ಆರನೆಯ ದಿನ ಬರುವ ‘ಗೀಸ್’, ಹಾಡು ಮುಗಿಯುವಷ್ಟರಲ್ಲಿ ಏಳು ಸಲ ಮಗುವಿನ ಬಾಯಲ್ಲಿ ಆಡಿರುತ್ತದೆ. ಯಾವ ಹಾಳೆ ಏಳು ಸಲ ಹೇಳಿಸೀತು?

ಹಾಗಾದರೆ ವ್ಯಾಕರಣ ಬೇಡವೇ? ಬೇಕು, ಹಾಡು ಬಾಯಿಗೆ ಬಂದ ಮೇಲೆ. ಆಗ ಮಗುವೇ ಕೇಳುತ್ತದೆ: ‘ಗೂಸಸ್’ ಯಾಕಲ್ಲ? ಆ ಪ್ರಶ್ನೆಯೇ ವ್ಯಾಕರಣದ ಬಾಗಿಲು.

ಆಟದಲ್ಲಿ ತಪ್ಪಿದ ಮಗು ನಗುತ್ತ ದಂಡ ಕೊಟ್ಟು ಮತ್ತೆ ಹಾಡುತ್ತದೆ. ಹಾಳೆಯಲ್ಲಿ ತಪ್ಪಿದ ಮಗು ಅಂಕ ಕಳೆದುಕೊಂಡು ಬಾಯಿ ಮುಚ್ಚುತ್ತದೆ. ಮುಚ್ಚಿದ ಬಾಯಿಗೆ ಯಾವ ಭಾಷೆಯೂ ಬರುವುದಿಲ್ಲ.